ಈ ಗರಿಕೆ ಗಣಪತಿಗಲ್ಲ

ಅರಸೀಕೆರೆಯಲ್ಲಿ ಇಪ್ಪತ್ತು ವರ್ಷ ಬೈಕ್ ಗ್ಯಾರೇಜ್ ನಡೆಸಿದವನು ನಾನು. ಆಯಿಲ್ ಬದಲಿಸಲು ಡ್ರೈನ್ ನಟ್ ಬಿಚ್ಚುವಾಗ ಕೆಳಗೆ ಟ್ರೇ ಇಡುತ್ತಿದ್ದೆವು, ನಿಜ. ಕ್ಯಾನ್ ತುಂಬಿದರೆ ಸೆಂಟ್ರಿಂಗ್‌ನವರು ಶೀಟಿಗೆ ಸವರಲು ಒಯ್ಯುತ್ತಿದ್ದರು. ಆದರೆ ಟ್ರೇ ತಪ್ಪಿ ಬಿದ್ದದ್ದು, ಫಿಲ್ಟರಿನಿಂದ ಸೋರಿದ್ದು, ಚೈನ್ ತೊಳೆದ ಡೀಸೆಲ್ಲು ಎಲ್ಲ ಹಿತ್ತಲಿನ ಮಣ್ಣಿಗೇ. ದಿನಕ್ಕೆ ಅರ್ಧ ಲೋಟ, ನೂರು ಮಿಲಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 300 ದಿನದ ಕೆಲಸಕ್ಕೆ 30 ಲೀಟರ್. ಇಪ್ಪತ್ತು ವರ್ಷಕ್ಕೆ 600 ಲೀಟರ್, ಅಂದರೆ ಮೂರು ಬ್ಯಾರೆಲ್. ಒಂದೇ ದಿನ ಮೂರು ಬ್ಯಾರೆಲ್ ಉರುಳಿಸಿದ್ದರೆ ಊರೇ ಬಂದು ಜಗಳಕ್ಕೆ ನಿಲ್ಲುತ್ತಿತ್ತು. ಅರ್ಧರ್ಧ ಲೋಟ ಸುರಿದದ್ದನ್ನು ಯಾರೂ ಕೇಳಲಿಲ್ಲ.

ಗ್ಯಾರೇಜ್ ಮುಚ್ಚಿದ ಮೇಲೆ ಅಲ್ಲಿ ದಂಟಿನ ಸೊಪ್ಪು ಬಿತ್ತಿದೆ. ಒಂದೂ ಏಳಲಿಲ್ಲ. ಚೊಂಬಿನಲ್ಲಿ ನೀರು ಹಾಕಿದರೆ ಕೆಸುವಿನೆಲೆಯ ಮೇಲಿನಂತೆ ಮುತ್ತಾಗಿ ಉರುಳಿ ಹೋಯಿತು. ನೆಲ ನೀರು ಕುಡಿಯುವುದನ್ನೇ ಮರೆತಿತ್ತು.

ಆಗ ಎಲ್ಲರೂ ಹೇಳಿದ್ದು ಒಂದೇ: ಲಾವಂಚ ನೆಡು, ಆಯಿಲೆಲ್ಲ ಹೀರಿಬಿಡುತ್ತದೆ. ನನ್ನ ತಕರಾರು ಈ ‘ಹೀರುವ’ ಮಾತಿನ ಮೇಲೆ. ಗಿಡ ಬಹುಮಟ್ಟಿಗೆ ಆಯಿಲ್ ಕುಡಿಯುವುದಿಲ್ಲ. ಬೇರು ಸಕ್ಕರೆಯಂಥ ರಸ ಒಸರುತ್ತದೆ, ಅದರ ಆಸೆಗೆ ಬೇರಿನ ಸುತ್ತ ಬ್ಯಾಕ್ಟೀರಿಯಾ ಗುಂಪುಗೂಡುತ್ತವೆ. ಬೇರು ಮಣ್ಣನ್ನು ಸಡಿಲಿಸಿ ಗಾಳಿಗೂ ದಾರಿ ಮಾಡುತ್ತದೆ. ಆಯಿಲನ್ನು ಮುರಿದು ತಿನ್ನುವುದು ಆ ಬ್ಯಾಕ್ಟೀರಿಯಾ. ಅಸ್ಸಾಂನಲ್ಲಿ ಕಚ್ಚಾ ತೈಲ ಬಿದ್ದ ಮಣ್ಣಿನ ಮೇಲೆ ಸಂಶೋಧಕರು ಪರೀಕ್ಷೆ ಮಾಡಿದ್ದು ನಾವು ಶಪಿಸಿಕೊಂಡು ಕಿತ್ತೆಸೆಯುವ ಜೇಕಿನ ಜಾತಿಯ ಹುಲ್ಲುಗಳನ್ನು. ಗರಿಕೆಗೂ ಈ ಗುಣವಿದೆ.

ಹಾಗೆಂದು ನೆಟ್ಟು ಕೈತೊಳೆದುಕೊಂಡರೆ ಆಗದು. ಆಯಿಲ್ ಎಂದರೆ ಇಂಗಾಲದ ರಾಶಿ. ತಿನ್ನುವ ಜೀವಿಗೆ ಸಾರಜನಕ, ರಂಜಕವೂ ಬೇಕು. ಮುದ್ದೆ ಮಾತ್ರ ಇಟ್ಟು ಸಾರು ಬಡಿಸದಿದ್ದರೆ ಯಾರು ಉಂಡಾರು? ಕರಿಗಟ್ಟಿದ ಮೇಲ್ಪದರವನ್ನು ಪಿಕಾಸಿಯಲ್ಲಿ ಒಡೆದು, ಎರಡು ಗಾಡಿ ಕೊಟ್ಟಿಗೆ ಗೊಬ್ಬರ ಬೆರೆಸಿ, ಮುಂಗಾರಿಗೆ ಲಾವಂಚದ ಬುಡಗಳನ್ನು ನೆಟ್ಟೆ. ಮೊದಲ ವರ್ಷ ಅರ್ಧ ಸತ್ತವು. ಮರುವರ್ಷ ಸತ್ತ ಜಾಗಕ್ಕೆ ಮತ್ತೆ ನೆಟ್ಟೆ. ಸಂದಿಯಲ್ಲಿ ಗರಿಕೆ ತಾನಾಗಿ ಹಬ್ಬಿತು. ಈ ಮಳೆಗಾಲ, ಮೂರನೆಯದು, ಒಂದು ಬುಡ ಅಗೆದು ನೋಡಿದೆ. ಬೇರಿಗೆ ಅಂಟಿದ ಮಣ್ಣು ಉದುರುದುರಾಗಿತ್ತು, ಲಾವಂಚದ ಘಮವಷ್ಟೇ. ಒಂದು ಗೇಣು ಆಚೆಯ ಹೆಂಟೆ ಮೂಗಿಗೆ ಹಿಡಿದರೆ ಇನ್ನೂ ಹಳೇ ಗ್ಯಾರೇಜು.

ಮೂಗು ಪ್ರಯೋಗಾಲಯವಲ್ಲ ಎಂಬುದೂ ಗೊತ್ತಿದೆ. ಸುಟ್ಟ ಆಯಿಲಿನಲ್ಲಿ ಸತು ಇರುತ್ತದೆ, ಇಂಜಿನ್ ಸವೆದ ಲೋಹದ ಪುಡಿ ಇರುತ್ತದೆ. ದೇಶದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಅದಕ್ಕೂ ಹಳೆಯ ಗ್ಯಾರೇಜ್ ನೆಲವಾದರೆ ಸೀಸವೂ ಇದ್ದೀತು. ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸಲಾರದು. ಬೇರು ಇಳಿಯದ ಆಳಕ್ಕೆ ಜಾರಿದ ಆಯಿಲಿಗೆ ಹುಲ್ಲು ಏನೂ ಮಾಡಲಾರದು.

ಆದ್ದರಿಂದ ಗಿಡದ ಹೆಸರಿನಲ್ಲಿ ನಾವು ಮೈಮರೆಯಬಾರದು ಎನ್ನುತ್ತೇನೆ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಳಪಟ್ಟ ವಸ್ತು. ಅನುಮತಿ ಪಡೆದ ಮರುಸಂಸ್ಕರಣಾ ಘಟಕಕ್ಕೇ ಹೋಗಬೇಕು. ನನ್ನ ಇಪ್ಪತ್ತು ವರ್ಷದಲ್ಲಿ ಈ ಮಾತು ಹೇಳಲು ಒಬ್ಬರೂ ಬಾಗಿಲಿಗೆ ಬರಲಿಲ್ಲ; ನಾನೂ ಕೇಳಿಕೊಂಡು ಹೋಗಲಿಲ್ಲ. ಪ್ರತಿ ಊರಿನ ಮೆಕ್ಯಾನಿಕ್ ಸಾಲಿಗೆ ಮುಚ್ಚಳವಿರುವ ಒಂದು ಡ್ರಮ್ಮು, ತಿಂಗಳಿಗೊಮ್ಮೆ ಬಂದು ಒಯ್ಯುವ ಒಂದು ಗಾಡಿ, ಗ್ಯಾರೇಜಿನ ನೆಲಕ್ಕೆ ಸಿಮೆಂಟು. ಮೊದಲು ಇಷ್ಟಾಗಲಿ. ಗ್ಯಾರೇಜ್ ಇದ್ದ ಜಾಗವನ್ನು ಸೈಟಾಗಿ ಮಾರುವ ಮುಂಚೆ ಮಣ್ಣಿನ ಪರೀಕ್ಷೆ ಕಡ್ಡಾಯವಾಗಲಿ. ಲಾವಂಚ, ಗರಿಕೆಗಳ ಕೆಲಸ ಇವೆಲ್ಲ ಆದ ಮೇಲೆ. ಮೇಲಿನಿಂದ ಸುರಿಯುತ್ತಲೇ ಇದ್ದರೆ ಕೆಳಗಿನ ಬೇರು ಎಷ್ಟೆಂದು ದುಡಿದೀತು?

ಗೌರಿ ಹಬ್ಬದ ಮರುದಿನ ಬೆಳಿಗ್ಗೆ ನಮ್ಮನೆಯವಳು ತಟ್ಟೆ ಹಿಡಿದು ಹಿತ್ತಲಿಗೆ ಹೋದಳು. ‘ಇಷ್ಟು ಸೊಂಪಾಗಿ ಬಂದಿದೆಯಲ್ಲ, ಇಲ್ಲೇ ಕೊಯ್ಯಲಾ?’ ಎಂದಳು. ಬೇಡ ಎಂದೆ. ಪಕ್ಕದ ಮನೆಯ ಹಸುವಿಗೂ ನಾನು ಆ ಹುಲ್ಲು ಕೊಡುವುದಿಲ್ಲ. ಇಬ್ಬರೂ ಕೆರೆ ಏರಿಯವರೆಗೆ ನಡೆದು ಇಪ್ಪತ್ತೊಂದು ಎಸಳು ಗರಿಕೆ ಕೊಯ್ದು ತಂದೆವು.