ಕರೆದರೆಂದು ಹೋಗಬಹುದೇ?

ಅಲ್ಲಿನ ಸರ್ಕಾರವೇ ಆಹ್ವಾನಿಸಿದರೆ ಪರದೇಶದ ಅಂತರ್ಯುದ್ಧಕ್ಕೆ ಸೇನೆ ಕಳುಹಿಸುವುದು ನ್ಯಾಯವೆಂದು ವಾದಿಸುವವರುಂಟು. 1987ರ ಜುಲೈನಲ್ಲಿ ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕೆಗೆ ಹೋದದ್ದೂ ಹಾಗೆಯೇ. ಒಪ್ಪಂದಕ್ಕೆ ಅಧ್ಯಕ್ಷ ಜಯವರ್ಧನೆಯವರ ಸಹಿಯಿತ್ತು, ಕಾನೂನು ಒಪ್ಪಿತು. ಆದರೆ ಬಂದೂಕು ಹಿಡಿದಿದ್ದ ಎಲ್‌ಟಿಟಿಇಯ ಸಹಿಯೇ ಅದರಲ್ಲಿರಲಿಲ್ಲ!

ಧರ್ಮಸಭೆಯ ಬೋಧನೆಗೆ ಆಹ್ವಾನವೊಂದೇ ಸಾಲದು. ಯಶಸ್ಸಿನ ನಿಜವಾದ ನಿರೀಕ್ಷೆಯುಂಟೇ? ನಿವಾರಿಸಹೊರಟ ಕೇಡಿಗಿಂತ ಘೋರವಾದ ಕೇಡು ಹುಟ್ಟದೇ? ಹೀಗೆಂದು ಅದು ಕೇಳುತ್ತದೆ. ದೆಹಲಿ ಇದನ್ನು ಕೇಳಿಕೊಂಡಿತೆಂದು ನೀವು ನಂಬುವಿರಾ? ತಮಿಳರ ರಕ್ಷಣೆಗೆಂದು ಹೋದವರ ಗುಂಡಿಗೆ, ಅದೇ ವರ್ಷದ ದೀಪಾವಳಿಯ ದಿನ, ಜಾಫ್ನಾ ಆಸ್ಪತ್ರೆಯ ವೈದ್ಯರು, ದಾದಿಯರು, ರೋಗಿಗಳು ಬಲಿಯಾದರು. 1990ರಲ್ಲಿ ಪಡೆ ಮರಳುವಷ್ಟರಲ್ಲಿ ನಮ್ಮ ಸಾವಿರಕ್ಕೂ ಹೆಚ್ಚು ಯೋಧರು ಮಡಿದಿದ್ದರು. 1991ರ ಮೇ ತಿಂಗಳಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಆ ಹಂತಕ ತಂಡದ ಶಿವರಾಸನ್ ಆಗಸ್ಟಿನಲ್ಲಿ ಹೆಣವಾಗಿ ಸಿಕ್ಕಿದ್ದು ನಮ್ಮ ಕೆಂಗೇರಿಗೆ ದೂರವಲ್ಲದ ಕೋಣನಕುಂಟೆಯ ಒಂದು ಮನೆಯಲ್ಲಿ.