ವಿದ್ಯುಚ್ಛಕ್ತಿಯೂ ಪೇಟೆಯ ನ್ಯಾಯವೂ

ವಿದ್ಯುಚ್ಛಕ್ತಿಯ ಅಭಾವವು ತಲೆದೋರಿದಾಗಲೆಲ್ಲ ಎರಡು ಬಗೆಯ ವಾದಿಗಳು ಎದ್ದು ನಿಲ್ಲುವುದುಂಟು. “ಸರ್ಕಾರವು ಕೈತೆಗೆಯಲಿ, ಪೇಟೆಯೇ ಎಲ್ಲವನ್ನೂ ಸರಿಪಡಿಸುವುದು” ಎಂಬುದು ಒಂದು ಪಕ್ಷ. “ಎಲ್ಲವನ್ನೂ ಸರ್ಕಾರವೇ ಕೊಡಲಿ, ಬೆಲೆಯ ಮಾತನ್ನೇ ಎತ್ತಬಾರದು” ಎಂಬುದು ಮತ್ತೊಂದು. ಎರಡು ಮಾತುಗಳೂ ಕಿವಿಗೆ ಇಂಪಾದುವೇ. ಆದರೆ ಎರಡನ್ನೂ ನಂಬಿದ ಜನರು ಕಷ್ಟಕ್ಕೆ ಗುರಿಯಾಗಿರುವರು. ಇದಕ್ಕೆ ಸಾಕ್ಷಿ ಬೇಕಾದರೆ ಒಂದನ್ನು ಅಮೆರಿಕದಲ್ಲಿಯೂ, ಇನ್ನೊಂದನ್ನು ಕೋಲಾರದ ಸೀಮೆಯಲ್ಲಿಯೂ ಕಾಣಬಹುದು.

ಪೇಟೆಯ ಪಕ್ಷದವರ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆನ್ನುವುದು ಅನ್ಯಾಯ. ಪದಾರ್ಥವು ವಿರಳವಾದರೆ ಬೆಲೆಯೇರುವುದು. ಬೆಲೆಯೇರಿದರೆ ಕೊಳ್ಳುವವನು ಮಿತವ್ಯಯವನ್ನು ಕಲಿಯುವನು, ಲಾಭವನ್ನು ಕಂಡವನು ಹೆಚ್ಚು ಬೆಳೆಯಲು ತೊಡಗುವನು. ಯಾವ ಅಧಿಕಾರಿಯ ಹುಕುಮೂ ಇಲ್ಲದೆ ಕೋಲಾರದ ಟೊಮೇಟೊ ದೂರದ ಊರುಗಳ ಅಡಿಗೆಮನೆಯನ್ನು ಸೇರುವುದು ಈ ನ್ಯಾಯದಿಂದಲೇ. ಆದರೆ ವಿದ್ಯುತ್ತು ಟೊಮೇಟೊ ಅಲ್ಲ. ಅದನ್ನು ಧಾನ್ಯದಂತೆ ಕಣಜದಲ್ಲಿ ತುಂಬಿಡುವುದು ಇಂದಿಗೂ ಬಹು ವೆಚ್ಚದ ಕೆಲಸ. ಹುಟ್ಟಿದ ಕ್ಷಣದಲ್ಲಿಯೇ ಬಹುಭಾಗವು ವ್ಯಯವಾಗಬೇಕು. ಒಂದು ಬೀದಿಯಲ್ಲಿ ಹತ್ತು ಅಂಗಡಿಗಳಿರಬಹುದು. ಹತ್ತು ವರ್ತಕರ ಹತ್ತು ಸಾಲು ಕಂಬಗಳು ಇರಲಾರವು. ದರವು ಹೆಚ್ಚಿತೆಂದು ಟೊಮೇಟೊವನ್ನು ಬಿಟ್ಟು ಹುಣಿಸೆಯಿಂದ ಸಾರು ಮಾಡಬಹುದು. ದರವು ಹೆಚ್ಚಿತೆಂದು ಆಸ್ಪತ್ರೆಯಲ್ಲಿ ರೋಗಿಯ ಉಸಿರಾಟದ ಯಂತ್ರವನ್ನು ನಿಲ್ಲಿಸಲಾದೀತೆ?

ಪೇಟೆಯ ನ್ಯಾಯವನ್ನು ಬಹುಮಟ್ಟಿಗೆ ನೆಚ್ಚಿದ ಸೀಮೆ ಅಮೆರಿಕದ ಟೆಕ್ಸಾಸ್. ಅಲ್ಲಿ 2011ರ ಚಳಿಯಲ್ಲಿ ವಿದ್ಯುದಾಗಾರಗಳು ಕೆಟ್ಟು ನಿಂತಾಗ, ಯಂತ್ರಗಳಿಗೆ ಶೀತದಿಂದ ರಕ್ಷಣೆ ಒದಗಿಸಬೇಕೆಂದು ತನಿಖೆ ಮಾಡಿದವರು ಸಲಹೆಯಿತ್ತರು. ಅದು ಸಲಹೆಯಾಗಿಯೇ ಉಳಿಯಿತು, ಕಡ್ಡಾಯವಾಗಲಿಲ್ಲ. ಅಪರೂಪದ ಚಳಿಗಾಗಿ ಹಣ ವೆಚ್ಚಮಾಡುವುದು ಲಾಭದ ಲೆಕ್ಕಕ್ಕೆ ಕೂಡಿ ಬರಲಿಲ್ಲ. 2021ರ ಫೆಬ್ರವರಿಯಲ್ಲಿ ಮಹಾಶೀತವು ಬಂತು. ಕೊರತೆಯ ಬೆಲೆಯೇ ಉತ್ಪಾದಕರನ್ನು ಎಬ್ಬಿಸುವುದೆಂಬ ನಂಬಿಕೆಯಿಂದ ಅಧಿಕಾರಿಗಳು ಸಗಟು ದರವನ್ನು ಪರಮಾವಧಿಯಲ್ಲಿ, ಅಂದರೆ ಯೂನಿಟ್ಟಿಗೆ 9 ಡಾಲರಿನಂತೆ, ನಿಲ್ಲಿಸಿದರು. ಹೆಪ್ಪುಗಟ್ಟಿದ ಅನಿಲದ ಕೊಳವೆಯು ಬೆಲೆಯ ಏರಿಕೆಯನ್ನು ಕೇಳಿ ಕರಗಲಿಲ್ಲ. ಅಲ್ಲಿಯ ಸರ್ಕಾರದ ಲೆಕ್ಕದಂತೆಯೇ 246 ಮಂದಿ ಆ ಚಳಿಯಲ್ಲಿ ಪ್ರಾಣ ಬಿಟ್ಟರು.

ಹಾಗಾದರೆ ಎಲ್ಲವನ್ನೂ ಸರ್ಕಾರಕ್ಕೆ ಒಪ್ಪಿಸಿ ಬೆಲೆಯನ್ನು ಮರೆತುಬಿಡಬಹುದೆ? ಇದಕ್ಕೆ ಉತ್ತರವನ್ನು ಕೋಲಾರದ ಸೀಮೆ ಹೇಳಬೇಕು. ಈ ಸೀಮೆಗೆ ಜೀವನದಿಯೊಂದಿಲ್ಲ. ಹಿಂದಿನವರು ಕೆರೆಗಳನ್ನು ನೆಚ್ಚಿ ಬಾಳಿದರು. ಇಂದಿನವರು ಕೊಳವೆಬಾವಿಗಳನ್ನು ನೆಚ್ಚಿರುವರು. ಕರ್ನಾಟಕದಲ್ಲಿ 2008ರಿಂದ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಉದ್ದೇಶವು ಒಳ್ಳೆಯದೇ, ರೈತನ ಸಂಕಟವೂ ನಿಜವೇ. ಫಲವೇನು? ಕೊಟ್ಟುದಕ್ಕೆ ಬೆಲೆಯಿಲ್ಲ, ಬಹುಪಾಲು ಮೀಟರೂ ಇಲ್ಲ. ವಿದ್ಯುತ್ತು ಬಂದೊಡನೆ ಪಂಪು ತಾನಾಗಿಯೇ ಹೊರಡುವುದು. ಭೂಮಿಯೊಳಗಣ ನೀರು ಕುಗ್ಗುವುದು. ಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿಯುವುವು. ಬಾವಿ ಕೊರೆಯಿಸಲು ಸಾಲ ಮಾಡಿ ನೀರು ಕಾಣದ ರೈತನಿಗೆ ಈ ಉಚಿತದಿಂದ ಬಂದುದು ಶೂನ್ಯ. ಭೂಮಿಯೇ ಇಲ್ಲದ ಕೂಲಿಯವನಿಗೂ ಶೂನ್ಯ. ಆಳವಾದ ಬಾವಿಯೂ ಹೆಚ್ಚಿನ ಹೊಲವೂ ಉಳ್ಳವನಿಗೆ ಸಿಂಹಪಾಲು. ಬಡವನ ಹೆಸರಿನಲ್ಲಿ ಹೊರಟ ದಾನವು ಹೀಗೆ ಉಳ್ಳವನ ಮನೆಯನ್ನು ಸೇರುವುದು. ವೆಚ್ಚವಾದರೋ ಮಾಯವಾಗಲಿಲ್ಲ, ಬೊಕ್ಕಸದಿಂದ, ಎಂದರೆ ಪ್ರಜೆಗಳ ಕೈಯಿಂದಲೇ, ಅದು ಸಲ್ಲಬೇಕು. ಇದರಲ್ಲಿ ದೋಷವು ರೈತನದಲ್ಲ. ಲೆಕ್ಕವನ್ನು ಮರೆಮಾಡಿದ ನೀತಿಯದು.

ಇದೇ ಸೀಮೆಯ ಹಿಂದಣ ಚರಿತ್ರೆಯಲ್ಲಿ ಬೇರೊಂದು ಪಾಠವುಂಟು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸರ್ಕಾರವು ಕೈಗೊಂಡ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ದೂರವು 90 ಮೈಲಿಗಳಿಗಿಂತ ಹೆಚ್ಚು; ಅಂದಿನ ಲೋಕದಲ್ಲಿ ಅಷ್ಟು ಉದ್ದದ ತಂತಿಯೇ ವಿರಳ. ಕಾವೇರಿಯ ಧಾರೆಯನ್ನು ಯಂತ್ರಕ್ಕೆ ಹೂಡುವ ಸಾಹಸಕ್ಕೆ ರಾಜ್ಯವೇ ಹಣ ತೊಡಗಿಸಿತು. ಆದರೆ ಗಣಿಯ ಕಂಪೆನಿಗಳಿಗೆ ಅದನ್ನು ದಾನವಾಗಿ ಕೊಡಲಿಲ್ಲ. ಕರಾರು ಮಾಡಿಕೊಂಡು ದರಕ್ಕೆ ಮಾರಿತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಬೇಸಗೆಯಲ್ಲಿ ನದಿ ಇಳಿದಾಗ ಶಕ್ತಿಗೆ ಕೊರತೆಯಾಗದಂತೆ 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವೂ ಮೊದಲಾಯಿತು. ಗಣಿಗಳು 2001ರಲ್ಲಿ ಮುಚ್ಚಿದವು, ಕಟ್ಟೆಯು ನಿಂತಿದೆ. ಸುತ್ತಣ ಹಳ್ಳಿಗಳಿಗೆ ಬೆಳಕು ತಲುಪಲು ದಶಕಗಳೇ ಹಿಡಿದುವೆಂಬ ಕುಂದನ್ನು ಮರೆಯಬೇಕಾಗಿಲ್ಲ. ಆದರೂ ಕ್ರಮವು ಸರಿಯಾಗಿತ್ತು: ವರ್ತಕನು ಹೆದರುವ ಮೊದಲ ಹೆಜ್ಜೆಯನ್ನು ಸರ್ಕಾರ ಇಟ್ಟಿತು, ಬೆಲೆಯನ್ನು ಬಚ್ಚಿಡಲಿಲ್ಲ.

ಈ ಕ್ರಮವು ಹಳೆಯ ಕಾಲಕ್ಕೇ ಮುಗಿಯಿತೆನ್ನುವಂತಿಲ್ಲ. ಕೇಂದ್ರಸರ್ಕಾರದ ಸಂಸ್ಥೆಯೊಂದು ಎಲ್‌ಇಡಿ ದೀಪಗಳನ್ನು ಕೋಟಿಗಟ್ಟಲೆ ಕೊಳ್ಳುವುದಾಗಿ ಸಾರಿ, ತಯಾರಕರನ್ನು ಟೆಂಡರಿನಲ್ಲಿ ಸ್ಪರ್ಧೆಗೆ ಬಿಟ್ಟಿತು. 2014ರಲ್ಲಿ 310 ರೂಪಾಯಿಯಷ್ಟಿದ್ದ ಸಗಟು ಬೆಲೆಯು 2016ರ ವೇಳೆಗೆ 38 ರೂಪಾಯಿಗೆ ಇಳಿಯಿತು. ಕೋಲಾರಕ್ಕೆ ದೂರವಲ್ಲದ ಪಾವಗಡದಲ್ಲಿ ಸುಮಾರು 13,000 ಎಕರೆ ಬರಡು ನೆಲವನ್ನು, ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಮೊದಲಾಗುವ ಗುತ್ತಿಗೆಗೆ ರೈತರಿಂದ ಪಡೆಯಲಾಯಿತು. ನೆಲವನ್ನೂ ತಂತಿಮಾರ್ಗವನ್ನೂ ಸರ್ಕಾರದ ಪಕ್ಷವು ಒದಗಿಸಿತು. ಕಡಮೆ ದರವನ್ನು ಕೂಗಿದ ಕಂಪೆನಿಗಳು ಸೌರಫಲಕಗಳನ್ನು ನಿಲ್ಲಿಸಿದುವು. ಅಲ್ಲಿಯ ಸಾಮರ್ಥ್ಯ 2,050 ಮೆಗಾವ್ಯಾಟ್. ಹೊಲಗೆಲಸವನ್ನು ಕಳೆದುಕೊಂಡ ಕೂಲಿಗಳಿಗೆ ಗುತ್ತಿಗೆಯ ಹಣವಿಲ್ಲವೆಂಬ ದೂರು ನ್ಯಾಯವಾದುದು. ಅದನ್ನು ತೀರಿಸುವುದು ಪೇಟೆಯ ಕೆಲಸವಲ್ಲ, ಸರ್ಕಾರದ ಕರ್ತವ್ಯ.

ಪಂಪುಸೆಟ್ಟಿನ ಗಂಟನ್ನು ಬಿಚ್ಚುವುದಕ್ಕೂ ಇದೇ ದಾರಿ. ಪ್ರತಿಯೊಂದು ಪಂಪಿಗೂ ಮೀಟರು ಬರಲಿ. ಸಹಾಯಧನವನ್ನು ನಿಲ್ಲಿಸುವುದು ಬೇಡ. ಅದು ಹಣವಾಗಿ ರೈತನ ಹೆಸರಿನಲ್ಲಿಯೇ ಜಮೆಯಾಗಲಿ. ವಿದ್ಯುತ್ತನ್ನು ಉಳಿಸಿದವನಿಗೆ ಮಿಕ್ಕ ಹಣವು ಸಲ್ಲಲಿ. ಪಂಜಾಬಿನಲ್ಲಿ 2018ರಿಂದ ಕೆಲವು ಹಳ್ಳಿಗಳಲ್ಲಿ ಇಂತಹ ಏರ್ಪಾಡನ್ನು ಪ್ರಯೋಗಿಸಲಾಗಿದೆ. ಹೀಗಾದರೆ ಬಡವನ ಪಾಲಿನ ನೆರವು ತಪ್ಪದು; ನೀರಿಗೂ ಬೆಲೆಯುಂಟೆಂಬ ಅರಿವು ಹುಟ್ಟುವುದು.

ಸರ್ಕಾರವು ಕೈತೆಗೆಯಲೆನ್ನುವವರು ಶಿವನಸಮುದ್ರದ ತಂತಿಯನ್ನು ಎಳೆದವರು ಯಾರೆಂಬುದನ್ನು ಮೊದಲು ಹೇಳಲಿ. ಬೆಲೆಯ ಮಾತು ಬೇಡವೆನ್ನುವವರು ಕೋಲಾರದ ಬತ್ತಿದ ಕೊಳವೆಬಾವಿಯ ಪಕ್ಕದಲ್ಲಿ ನಿಂತು ಅದೇ ಮಾತನ್ನು ಇನ್ನೊಮ್ಮೆ ಆಡಲಿ.