ಎಣಿಕೆಗೆ ಸಿಗದ ಚಿಗಟ: ಬೀದಿನಾಯಿ ನಿಯಂತ್ರಣದಲ್ಲಿ ಮರೆತುಹೋದ ಚರ್ಮರೋಗ

ಬೆಂಗಳೂರು: ಬೀದಿನಾಯಿಗಳ ಕುರಿತ ಚರ್ಚೆ ಈ ಮಹಾನಗರದಲ್ಲಿ ಎರಡೇ ಅಂಕಿಗಳ ಸುತ್ತ ಸುತ್ತುತ್ತ ಬಂದಿದೆ. ಎಷ್ಟು ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಯಿತು, ಎಷ್ಟಕ್ಕೆ ರೇಬೀಸ್ ಲಸಿಕೆ ಹಾಕಲಾಯಿತು ಎಂಬುದೇ ಆ ಅಂಕಿಗಳು. ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2023ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ನಗರದಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. 2019ರಲ್ಲಿ ಈ ಸಂಖ್ಯೆ 3.10 ಲಕ್ಷದಷ್ಟಿತ್ತು. ಕೆ.ಆರ್.ಪುರವನ್ನೊಳಗೊಂಡ ಮಹದೇವಪುರ ವಲಯದಲ್ಲಿಯೇ ಅತ್ಯಧಿಕ, ಅಂದರೆ 58 ಸಾವಿರಕ್ಕೂ ಮಿಕ್ಕಿ ನಾಯಿಗಳು ಕಂಡುಬಂದಿದ್ದವು. ಸಂತಾನಹರಣಗೊಂಡವುಗಳ ಪ್ರಮಾಣ ಶೇ. 71.85.

ಸಾಧನೆ ಸಣ್ಣದೇನಲ್ಲ. ಆದರೆ ಶಿವಾಜಿನಗರದ ಮಾರುಕಟ್ಟೆಯ ಹಿಂಬದಿಯಲ್ಲೋ, ಹಲಸೂರಿನ ಓಣಿಗಳಲ್ಲೋ ರೋಮವೆಲ್ಲ ಉದುರಿ, ಚರ್ಮ ದಪ್ಪಗಟ್ಟಿ, ಮೈಯನ್ನು ಗೋಡೆಗೆ ಉಜ್ಜುತ್ತ ನಿಂತ ನಾಯಿ ಈ ಲೆಕ್ಕದ ಯಾವ ಕಲಮಿನಲ್ಲೂ ಇಲ್ಲ. ಅದನ್ನು ಕಂಡ ಜನ ಹುಚ್ಚುನಾಯಿಯೆಂದು ಕಲ್ಲೆಸೆಯುವುದೂ ಉಂಟು.

ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ನೀಡಿದ ಆದೇಶವು ಸಂತಾನಹರಣ, ಲಸಿಕೆ ಮತ್ತು ಜಂತುಹುಳು ನಿವಾರಣೆಯ ನಂತರ ನಾಯಿಗಳನ್ನು ಅವುಗಳ ನೆಲೆಗೇ ಮರಳಿ ಬಿಡಬೇಕೆಂದಿತು. ರೇಬೀಸ್ ತಗುಲಿದ ಹಾಗೂ ಆಕ್ರಮಣಕಾರಿ ನಾಯಿಗಳಿಗೆ ಮಾತ್ರ ಇದು ಅನ್ವಯಿಸುವಂತಿರಲಿಲ್ಲ. ಇಲ್ಲಿ ಗಮನಿಸಬೇಕಾದುದು ಜಂತುಹುಳುವಿನ ಮಾತು. ನಾಯಿಯ ಕರುಳಿನಲ್ಲಿ ಸಾಮಾನ್ಯವಾಗಿ ಕಂಡುಬರುವ ಒಂದು ಬಗೆಯ ಲಾಡಿಹುಳುವಿನ ಮರಿರೂಪ ಬೆಳೆಯುವುದು ಚಿಗಟದ ದೇಹದೊಳಗೆ. ತುರಿಕೆ ತಾಳದೆ ನಾಯಿ ತನ್ನ ಮೈಯನ್ನೇ ಕಚ್ಚಿಕೊಳ್ಳುವಾಗ ಚಿಗಟವನ್ನು ನುಂಗುತ್ತದೆ, ಜೊತೆಗೆ ಹುಳುವನ್ನೂ. ಮಾತ್ರೆ ಕೊಟ್ಟು ಕರುಳನ್ನು ಶುದ್ಧಗೊಳಿಸಿ, ಚಿಗಟ ತುಂಬಿದ ಮೈಯೊಂದಿಗೆ ನಾಯಿಯನ್ನು ಬಿಟ್ಟರೆ ಕೆಲವೇ ವಾರಗಳಲ್ಲಿ ಸ್ಥಿತಿ ಯಥಾಪ್ರಕಾರ.

ಚಿಗಟದ ಕಥೆ ನಾಯಿಯ ಮೈಗಷ್ಟೇ ಸೀಮಿತವೂ ಅಲ್ಲ. ಅದರ ಮೊಟ್ಟೆಗಳು ಮೈಯಿಂದ ಜಾರಿ ನೆಲಕ್ಕೆ ಬೀಳುತ್ತವೆ. ಮರಿಗಳು ಧೂಳಿನಲ್ಲಿ, ಬಿರುಕುಗಳಲ್ಲಿ ಬೆಳೆಯುತ್ತವೆ. ಗೂಡು ಕಟ್ಟಿಕೊಂಡ ಕೋಶಗಳು ತಿಂಗಳುಗಟ್ಟಲೆ ಕಾಯಬಲ್ಲವು. ಹಾಗಾಗಿ ನಾಯಿ ಮಲಗುವ ಜಾಗಕ್ಕೂ ಚಿಕಿತ್ಸೆ ಬೇಕು.

ರೋಮ ಉದುರಿಸುವ ಕಜ್ಜಿಯ ಕಾರಣ ಬೇರೆ. ಅದು ಕೀಟವಲ್ಲ, ಎಂಟು ಕಾಲಿನ ನುಸಿ. ಒಂದು ಜಾತಿಯ ನುಸಿ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ಇದು ನಾಯಿಯಿಂದ ನಾಯಿಗೆ ವೇಗವಾಗಿ ಹರಡುವುದಲ್ಲದೆ ಮನುಷ್ಯರಲ್ಲೂ ತಾತ್ಕಾಲಿಕ ತುರಿಕೆಯನ್ನುಂಟುಮಾಡುತ್ತದೆ. ರೋಮದ ಬುಡದಲ್ಲಿ ವಾಸಿಸುವ ಇನ್ನೊಂದು ಜಾತಿ ತಾಯಿಯಿಂದ ಮರಿಗೆ ಬಂದು, ಆಹಾರವಿಲ್ಲದೆ ಸೊರಗಿದ ನಾಯಿಯಲ್ಲಿ ಉಲ್ಬಣಿಸುತ್ತದೆ. ಬೀದಿನಾಯಿಗಳಿಗೆ ಕೋಳಿ ಅನ್ನ ನೀಡುವ 2.88 ಕೋಟಿ ರೂಪಾಯಿಯ ಪಾಲಿಕೆ ಯೋಜನೆ 2025ರ ಜುಲೈನಲ್ಲಿ ನಗೆಪಾಟಲಾಗಿತ್ತು. ಚರ್ಮದ ದೃಷ್ಟಿಯಿಂದ ನೋಡಿದರೆ ಅದು ಅಷ್ಟೇನೂ ಹಾಸ್ಯಾಸ್ಪದವಾಗಿರಲಿಲ್ಲ.

ಚಿಕಿತ್ಸೆ ಕಷ್ಟವೇನಲ್ಲ, ಕಷ್ಟವಿರುವುದು ಪುನರಾವರ್ತನೆಯಲ್ಲಿ. ಹಳೆಯ ಔಷಧವಾದ ಐವರ್‌ಮೆಕ್ಟಿನ್ ನುಸಿಯ ಮೊಟ್ಟೆಯನ್ನು ಕೊಲ್ಲುವುದಿಲ್ಲವಾದ್ದರಿಂದ ವಾರ, ಎರಡು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಕೊಡಬೇಕು. ಶಸ್ತ್ರಚಿಕಿತ್ಸೆಯ ನಂತರ ಕೆಲವೇ ದಿನ ಕೇಂದ್ರದಲ್ಲಿರುವ ಬೀದಿನಾಯಿಗೆ ಇದು ಆಗದ ಮಾತು. ಕಳೆದ ದಶಕದಲ್ಲಿ ಬಂದ ಫ್ಲೂರಲನರ್‌ನಂಥ ಮಾತ್ರೆಗಳ ಪರಿಣಾಮ ಸುಮಾರು 12 ವಾರ ಉಳಿಯುತ್ತದೆ. ಬೆಲೆ ಹೆಚ್ಚು, ನಿಜ. ಆದರೆ ನಾಯಿ ಹೇಗೂ ಕೈಗೆ ಸಿಕ್ಕ ಆ ಒಂದು ದಿನವೇ ಮಾತ್ರೆ ನೀಡಲು ಸುಸಮಯ.

2025ರ ನವೆಂಬರ್ 7ರಂದು ಬಂದ ಮತ್ತೊಂದು ಆದೇಶ ಪ್ರಶ್ನೆಯನ್ನು ಜಟಿಲಗೊಳಿಸಿತು. ಆಸ್ಪತ್ರೆ, ಶಾಲೆ, ಬಸ್ ಹಾಗೂ ರೈಲು ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೆ ಮರಳಿ ಬಿಡದೆ ಆಶ್ರಯತಾಣಗಳಿಗೆ ಸಾಗಿಸಬೇಕೆಂದು ನ್ಯಾಯಾಲಯ ಸೂಚಿಸಿತು. ಬೌರಿಂಗ್ ಆಸ್ಪತ್ರೆ, ಶಿವಾಜಿನಗರ ಬಸ್ ನಿಲ್ದಾಣ, ದಂಡು ಮತ್ತು ಕೆ.ಆರ್.ಪುರ ರೈಲು ನಿಲ್ದಾಣಗಳು ನಗರದ ಈ ಭಾಗದಲ್ಲಿ ಅಂಥ ಜಾಗಗಳೇ. ರೋಗಿಗಳ ಸುರಕ್ಷತೆಯ ಕಾಳಜಿ ಸರಿಯಾದದ್ದೇ. ಆದರೆ ಕಜ್ಜಿ ಹತ್ತಿದ ಒಂದು ನಾಯಿಯನ್ನು ಆರೋಗ್ಯವಂತ ಇಪ್ಪತ್ತರ ನಡುವೆ ಕೂಡಿಹಾಕಿದರೆ ನುಸಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ. ಒಳಬರುವ ನಾಯಿಗಳಿಗೆ ಪ್ರತ್ಯೇಕ ಗೂಡು, ಬಾಗಿಲಲ್ಲೇ ಚರ್ಮ ತಪಾಸಣೆ, ನೆಲದ ಶುದ್ಧೀಕರಣ ಇವಿಲ್ಲದ ಆಶ್ರಯತಾಣ ಕಜ್ಜಿಯ ಕಾರ್ಖಾನೆಯೇ ಆದೀತು.

2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಐದು ಹೋಳಾದ ಮೇಲೆ ದಂಡು ನಿಲ್ದಾಣ ಕೇಂದ್ರ ನಗರಪಾಲಿಕೆಗೂ, ಕೆ.ಆರ್.ಪುರ ಪೂರ್ವ ನಗರಪಾಲಿಕೆಗೂ ಸೇರಿಹೋದವು. ಆಶ್ರಯತಾಣಗಳ ಟೆಂಡರ್ ಷರತ್ತುಗಳಲ್ಲಿ ಚರ್ಮ ಚಿಕಿತ್ಸೆಗೊಂದು ಸಾಲು, ನಾಯಿಯ ದಾಖಲೆ ಪತ್ರದಲ್ಲಿ ಅದಕ್ಕೊಂದು ಕಲಂ ಸೇರಿಸುವ ಕೆಲಸವನ್ನು ಎರಡೂ ಕಚೇರಿಗಳು ಬೇರೆ ಬೇರೆಯಾಗಿಯೇ ಮಾಡಬೇಕಿದೆ.